ಸಹಾಯ ಬೇಕು: ಆಪ್ತಸಮಾಲೋಚಕರ ಅರ್ಹತೆಯನ್ನು ಪರಿಶೀಲಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ನಿದ್ದೆಯಿಲ್ಲದೆ ಬಳಲುತ್ತಿರುವ ನನ್ನ ತಂಗಿಯನ್ನು ನಮ್ಮ ಬಡಾವಣೆಯ ಸಮಾಲೋಚನಾ ಕೇಂದ್ರವೊಂದಕ್ಕೆ ಕರೆದೊಯ್ದಿದ್ದೆ. ಫಲಕದಲ್ಲಿ ಹೆಸರಿನ ಜೊತೆ ದೊಡ್ಡದಾಗಿ ‘ಡಾ.’ ಎಂದಿತ್ತು; ಆದರೆ ಫಲಕದಲ್ಲಾಗಲಿ ರಸೀದಿಯಲ್ಲಾಗಲಿ ನೋಂದಣಿ ಸಂಖ್ಯೆ ಕಾಣಲಿಲ್ಲ, ಕೇಳಿದ್ದಕ್ಕೆ ‘ನಮಗೆ ಅದು ಬೇಕಾಗಿಲ್ಲ’ ಎಂದರು.

ನಾನು ಓದಿ ತಿಳಿದಂತೆ, ಔಷಧಿ ಬರೆದುಕೊಡುವ ಮನೋವೈದ್ಯರು ವೈದ್ಯಕೀಯ ಪರಿಷತ್ತಿನಲ್ಲಿಯೂ, ಎಂ.ಫಿಲ್. ಓದಿದ ಚಿಕಿತ್ಸಾ ಮನಶ್ಶಾಸ್ತ್ರಜ್ಞರು 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿಯೂ ನೋಂದಾಯಿಸಿಕೊಂಡಿರಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಇವರಿಬ್ಬರನ್ನು ಬೇರೆಬೇರೆಯಾಗಿಯೇ ವ್ಯಾಖ್ಯಾನಿಸುತ್ತದೆ. ಬರೀ ‘ಕೌನ್ಸೆಲರ್’ ಎಂದು ಬರೆದುಕೊಂಡವರ ವಿಷಯದಲ್ಲಿ ಮಾತ್ರ ನನಗೆ ಗೊಂದಲವಿದೆ. (ಆ ‘ಡಾ.’ ಪಿಎಚ್.ಡಿ.ಯದೂ ಇರಬಹುದು.) ಅವರ ಓದು ಮತ್ತು ತರಬೇತಿಯ ಬಗ್ಗೆ ಏನೇನು ಕೇಳಬೇಕು, ಮೊದಲು ಮನೋವೈದ್ಯರನ್ನೇ ಕಾಣುವುದು ಸೂಕ್ತವೇ ಎಂಬುದನ್ನು ಈ ಕ್ಷೇತ್ರದಲ್ಲಿರುವವರು ದಯವಿಟ್ಟು ತಿಳಿಸಿ. ಮುಂದಿನ ಭೇಟಿ ಸೋಮವಾರವಿದೆ.