ಸೆಂಟಿನೆಲ್-1 ಚಿತ್ರ ಉಲ್ಟಾ ಬರ್ತಿದೆ: ಸಮುದ್ರ ಬಿಳಿ, ಗದ್ದೆ ಕಪ್ಪು. ಸಂಜೆಯೊಳಗೆ ಬೇಕು!

ಕಡಲ_ಬರಹ (ಕಾರವಾರ), ಬೆಳಗ್ಗೆ 9:12
ಎರಡು ದಿನದಿಂದ ತಲೆ ಕೆಟ್ಟು ಹೋಗಿದೆ. ನೆರೆ ವರದಿಗೆ ಮೊದಲು ಹೇಗಿತ್ತು, ಆಮೇಲೆ ಹೇಗಾಯ್ತು ಅಂತ ಚಿತ್ರಗಳ ಜೋಡಿ ಮಾಡ್ತಾ ಇದ್ದೇನೆ. ಯುರೋಪಿನ ಕಾಪರ್ನಿಕಸ್ ಯೋಜನೆಯ ಸೆಂಟಿನೆಲ್-2 ಉಪಗ್ರಹದ ಮಾಮೂಲಿ ಫೋಟೋ ತೆಗೆದರೆ ಬರೀ ಮೋಡ, ಹತ್ತಿ ಗಾದಿ ಹಾಸಿದ ಹಾಗೆ. ರಡಾರಿಗೆ ಮೋಡ ಅಡ್ಡ ಬರೋದಿಲ್ಲ ಅಂತ ಯಾರೋ ಹೇಳಿದರು. ಸರಿ, ಅದೇ ಬಳಗದ ರಡಾರ್ ಉಪಗ್ರಹ ಸೆಂಟಿನೆಲ್-1ರ ಚಿತ್ರ ತೆಗೆದೆ. ಅದರಲ್ಲಿ ಸಮುದ್ರ ಬೆಳ್ಳಗೆ, ಗದ್ದೆ ಬಯಲು ಪೂರ್ತಿ ಕಪ್ಪು! ನೀರು ಕಪ್ಪು ಕಾಣಬೇಕು ತಾನೆ? ಬಣ್ಣ ತಿರುಗಿಸಿದರೆ ಗುಡ್ಡ ಕಪ್ಪಾಗುತ್ತದೆ. ಸೆಟ್ಟಿಂಗ್ ಎಲ್ಲಾ ಸರಿ ಇದೆ, ಅದನ್ನು ಕೇಳಬೇಡಿ. ಸಂಜೆ ಆರಕ್ಕೆ ಪುಟ ಹೋಗುತ್ತದೆ.

ಸದಾಶಿವಗಡ_ಸಿಗ್ನಲ್, 9:30
ನೂರಕ್ಕೆ ನೂರು ಕಕ್ಷೆಯ ದಿಕ್ಕಿನ ಸಮಸ್ಯೆ. ಒಂದು ಚಿತ್ರ ಉಪಗ್ರಹ ಮೇಲೆ ಹತ್ತುವಾಗಿನದು, ಇನ್ನೊಂದು ಇಳಿಯುವಾಗಿನದು. ರಡಾರ್ ಓರೆಯಾಗಿ ನೋಡುತ್ತದೆ. ಹಾಗಾಗಿ ಘಟ್ಟದ ಒಂದು ಮೈ ಬೆಳಗುತ್ತದೆ, ಇನ್ನೊಂದು ಮೈ ನೆರಳಾಗುತ್ತದೆ. ದಿಕ್ಕು ಬದಲಾದರೆ ಅದೇ ಗುಡ್ಡ ಉಲ್ಟಾ. ಎರಡನ್ನೂ ಒಂದೇ ದಿಕ್ಕಿನದು ತಗೊಳ್ಳಿ, ಮುಗೀತು.

ಸೋಗೆ_ಮನೆ (ಶಿರಸಿ), 9:41
ಅಷ್ಟೆಲ್ಲಾ ಯಾಕೆ, ವಿಂಡಿ ಅನ್ನೋ ಹವಾಮಾನ ಜಾಲತಾಣ ತೆರೆದು ಸ್ಕ್ರೀನ್‌ಶಾಟ್ ಹೊಡೀರಿ. ಬಣ್ಣಬಣ್ಣವಾಗಿ ಚೆಂದ ಬರುತ್ತದೆ.

ಕುಮಟಾ_ನಕಾಶೆ, 9:55
@ಸೋಗೆ_ಮನೆ ದಯವಿಟ್ಟು ಬೇಡ ಮಾರಾಯ್ರೆ. ಅದರಲ್ಲಿ ಸುಳಿಯುವ ಗಾಳಿ, ಮಳೆಯ ಬಣ್ಣ ಹೆಚ್ಚಿನಂಶ ಕಂಪ್ಯೂಟರ್ ಲೆಕ್ಕದ ಮುನ್ಸೂಚನೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿ ಪಕ್ಕದಲ್ಲೇ ಹೋಯ್ತಲ್ಲ, ಆಗ ಅಂಥ ಚಿತ್ರವೇ "ಉಪಗ್ರಹದಿಂದ ನೇರ" ಅಂತ ನನ್ನ ವಾಟ್ಸಾಪಿಗೆ ಎಷ್ಟು ಸಲ ಬಂತೋ. ಮೋಡ ತೋರಿಸಬೇಕಿದ್ದರೆ ನಮ್ಮ ಹವಾಮಾನ ಉಪಗ್ರಹ ಇನ್ಸಾಟ್ ಇದೆ. ಆ ಸಾಲಿನ 3ಡಿಎಸ್ 2024ರ ಫೆಬ್ರುವರಿಯಲ್ಲೇ ಹಾರಿದೆ.

ಸೋಗೆ_ಮನೆ, 10:02
ಉಪಗ್ರಹದಿಂದ ನೇರ ಅಂದ್ರೆ ಏನು ಅಂತ ನನಗೆ ಹೇಳಬೇಡಿ. ಹಂಚಿನ ಮೇಲೆ ಎರಡು ಅಲ್ಯೂಮಿನಿಯಂ ಕೊಳವೆಯನ್ನು ವಿ ಆಕಾರದಲ್ಲಿ ಕಟ್ಟಿ, 137 ಮೆಗಾಹರ್ಟ್ಸಿನಲ್ಲಿ ಅಮೆರಿಕದ ಹವಾಮಾನ ಉಪಗ್ರಹ ನೋವಾ-19ರ ಚಿತ್ರ ನಾನೇ ಹಿಡಿಯುತ್ತಿದ್ದೆ. ಟಿಕ್ ಟಿಕ್ ಸದ್ದು ಕೇಳಿದರೆ ಮನೆಯವಳಿಗೂ ಗೊತ್ತಾಗುತ್ತಿತ್ತು. 2025ರ ಆಗಸ್ಟಿನಲ್ಲಿ ಅದನ್ನು ನಿಲ್ಲಿಸಿಬಿಟ್ಟರು. ಈಗ ರಷ್ಯಾದ ಮೆಟಿಯೋರ್ ಹಿಡಿಯುತ್ತೇನೆ, ಚಿತ್ರ ಇನ್ನೂ ಚೊಕ್ಕ. ಫೋಟೋ ಹಾಕಲಾ?

ಕಡಲ_ಬರಹ, 10:20
ಆಂಟೆನಾ ಆಮೇಲೆ ನೋಡೋಣ. @ಸದಾಶಿವಗಡ_ಸಿಗ್ನಲ್ ನೋಡಿದೆ, ಎರಡೂ ಇಳಿಯುವ ಕಕ್ಷೆಯದ್ದೇ. ಕಕ್ಷೆ ಸಂಖ್ಯೆಯೂ ಒಂದೇ.

ಸದಾಶಿವಗಡ_ಸಿಗ್ನಲ್, 10:26
ಮತ್ತೊಮ್ಮೆ ನೋಡಿ. ಬ್ರೌಸರ್ ಕೆಲವೊಮ್ಮೆ ಪಕ್ಕದ ಪಟ್ಟಿಯ ತುಣುಕು ಸೇರಿಸಿ ತೋರಿಸುತ್ತದೆ.

ಕಡಲ_ಬರಹ, 10:48
ಮೂರು ಸಲ ನೋಡಿದೆ. ಒಂದೇ!

ಸದಾಶಿವಗಡ_ಸಿಗ್ನಲ್, 10:51
ಹಾಗಾದರೆ ಗುಡ್ಡ ತಗ್ಗಿನಿಂದ ಚಿತ್ರ ವಾಲೋದನ್ನು ಸರಿಪಡಿಸುವ ಎತ್ತರದ ತಿದ್ದುಪಡಿ ಆಗಿಲ್ಲ. ಅದೂ ಓರೆ ನೋಟದ್ದೇ ಸಮಸ್ಯೆ. ನಾನು ಹೇಳಿದ್ದೂ ಅದನ್ನೇ.

ಕುಮಟಾ_ನಕಾಶೆ, 11:05
ಗದ್ದೆ ಬಯಲಲ್ಲಿ ಗುಡ್ಡ ಎಲ್ಲಿಂದ ಬಂತು? ಸಪಾಟು ಜಾಗಕ್ಕೆ ನೆರಳು ಬೀಳೋದಿಲ್ಲ.
@ಕಡಲ_ಬರಹ ಮೊದಲು ಕೇಳಬೇಕಾದ್ದನ್ನು ಯಾರೂ ಕೇಳಲಿಲ್ಲ. ಯಾವ ಊರು? ಎರಡು ಚಿತ್ರದ ತಾರೀಕು ಏನು? ನೆರೆ ಬಂದಿದ್ದು ಯಾವತ್ತು? ವಿವಿಯೋ (ಲಂಬವಾಗಿ ಕಳಿಸಿದ ಅಲೆಯನ್ನು ಲಂಬವಾಗಿಯೇ ಹಿಡಿದದ್ದು) ವಿಎಚ್ಚೋ (ಲಂಬವಾಗಿ ಕಳಿಸಿ ಅಡ್ಡಲಾಗಿ ಹಿಡಿದದ್ದು)?

ಕಡಲ_ಬರಹ, 11:19
ಅಘನಾಶಿನಿ ದಂಡೆ, ಮಾಣಿಕಟ್ಟಾ ಕಡೆ. ಮೊದಲಿನದು ಮೇ ತಿಂಗಳದ್ದು, ಆಮೇಲಿನದು ಜುಲೈದು. ವಿವಿ. ನೆರೆ ಶನಿವಾರ ಬಂತು, ಚಿತ್ರ ಬುಧವಾರದ್ದು. ಇದೆಲ್ಲ ಹೇಳಬೇಕಿತ್ತಾ? ನೆರೆ ಅಂದರೆ ನೆರೆ.

ಕುಮಟಾ_ನಕಾಶೆ, 11:44
ಹೇಳಬೇಕಿತ್ತು, ಉತ್ತರ ಅದರಲ್ಲೇ ಇದೆ. ನಿಮ್ಮ ಚಿತ್ರ ಉಲ್ಟಾ ಅಲ್ಲ.

ರಡಾರ್ ತಾನೇ ಅಲೆ ಕಳಿಸಿ, ವಾಪಸ್ ಬಂದಷ್ಟನ್ನು ಅಳೆಯುತ್ತದೆ. ನಿಂತ ನೀರು ಕನ್ನಡಿ ಇದ್ದ ಹಾಗೆ. ಬಂದ ಅಲೆಯನ್ನು ಆಚೆ ಕಡೆಗೆ ಜಾರಿಸಿಬಿಡುತ್ತದೆ, ಉಪಗ್ರಹಕ್ಕೆ ಏನೂ ವಾಪಸಾಗೋದಿಲ್ಲ, ಕಪ್ಪು. ಜುಲೈ ಸಮುದ್ರ ಕನ್ನಡಿಯಾ? ಗಾಳಿಗೆ ಮೈಯೆಲ್ಲಾ ಒರಟು. ಅದರಲ್ಲೂ ವಿವಿಯಲ್ಲಿ ಗಾಳಿ ಎಬ್ಬಿಸಿದ ನೀರು ಜೋರಾಗಿ ಹೊಳೆಯುತ್ತದೆ. ವಿಎಚ್ ಹಾಕಿ ನೋಡಿ, ಸಮುದ್ರ ಕಪ್ಪಾಗುತ್ತದೆ.

ಗದ್ದೆ ಕಪ್ಪಾಗಿದ್ದಕ್ಕೆ ಕಾರಣ ಬೇರೆ. ಮೇ ತಿಂಗಳಲ್ಲಿ ಅದು ಒಣ ಬಯಲು. ಜುಲೈಯಲ್ಲಿ ನಾಟಿ ಗದ್ದೆಯಲ್ಲಿ ನೀರು ಇರಲೇಬೇಕು. ಮೇಲಾಗಿ ನೀವು ಹೇಳಿದ್ದು ಗಜನಿ ಭೂಮಿ, ಅಂದರೆ ಅಳಿವೆ ಪಕ್ಕದ ಉಪ್ಪುನೀರಿನ ತಗ್ಗು ಗದ್ದೆ. ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವ ಜಾಗ, ಮಳೆಗಾಲದಲ್ಲಿ ನೀರು ನಿಲ್ಲೋದೇ ಅದರ ಕಸುಬು. ಮೇ ಜೊತೆ ಹೋಲಿಸಿ "ಬಯಲೆಲ್ಲಾ ಮುಳುಗಿತು" ಅಂತ ಬರೆದರೆ ಅಲ್ಲಿಯ ರೈತರು ನಗುತ್ತಾರೆ. ನಾನೂ ಒಮ್ಮೆ ಹೀಗೇ ಬರೆದು ಬೈಸಿಕೊಂಡವನೇ.

ಬೇಲೆಕೇರಿ_ಬೋಟು, 12:03
ತಮ್ಮಾ, ಕಡಲಿನ ಭರತಿ, ಇಳಿತ ನೋಡಿದ್ಯಾ? ಆ ಉಪಗ್ರಹ ಇಳಿಯುವ ದಾರಿಯಲ್ಲಿ ನಮ್ಮ ಮೇಲೆ ಬರೋದು ಬೆಳಗಿನ ಆರರ ಸುಮಾರಿಗೆ. ಅಮಾವಾಸ್ಯೆ, ಹುಣ್ಣಿಮೆಗೆ ನಮ್ಮಲ್ಲಿ ಮಧ್ಯಾಹ್ನದ ಆಸುಪಾಸು ನೀರು ಏರುತ್ತದೆ, ಬೆಳಗ್ಗೆ ಇಳಿದಿರುತ್ತದೆ. ಅಷ್ಟಮಿ ಹೊತ್ತಿಗೆ ಲೆಕ್ಕ ತಿರುಗುತ್ತದೆ. ಅಳಿವೆಯ ಪಕ್ಕದ ಜಾಗಕ್ಕೆ ಇದನ್ನು ನೋಡದೆ ನೆರೆ ಅನ್ನಬಾರದು.

ಕಡಲ_ಬರಹ, 12:10
ತಿಥಿ ನೋಡಿ ಉಪಗ್ರಹ ಚಿತ್ರ ತೆಗೆಯುವ ಕಾಲ ಬಂತಲ್ಲ ದೇವರೇ.

ಸೋಗೆ_ಮನೆ, 12:22
ಇಷ್ಟೆಲ್ಲಾ ಆದರೂ ನಮ್ಮ ತೋಟದಲ್ಲಿ ನಿಂತ ನೀರು ಆ ರಡಾರಿಗೆ ಕಾಣೋದೇ ಇಲ್ಲ. ಮೊಣಕಾಲುದ್ದ ನೀರಿದ್ದಾಗಲೂ ನೋಡಿದ್ದೇನೆ, ಏನೂ ಇಲ್ಲ.

ಕುಮಟಾ_ನಕಾಶೆ, 12:35
ಅದು ನಿಜ. ಸೆಂಟಿನೆಲ್-1ರ ಅಲೆಯ ಉದ್ದ ಐದೂವರೆ ಸೆಂಟಿಮೀಟರ್. ಅಡಿಕೆಯ ಸೋಗೆಗೆ ತಾಗಿಯೇ ಚದುರಿ ಹೋಗುತ್ತದೆ, ಬುಡಕ್ಕೆ ಇಳಿಯೋದು ಕಷ್ಟ. 2025ರ ಜುಲೈ 30ರಂದು ಹಾರಿದ ಭಾರತ-ಅಮೆರಿಕದ ರಡಾರ್ ಉಪಗ್ರಹ ನೈಸಾರ್‌ಗೆ 24 ಸೆಂಟಿಮೀಟರ್ ಅಲೆಯೂ ಇದೆ. ಎಲೆ ದಾಟಿ ಒಳಗೆ ಹೋಗುವುದರಲ್ಲಿ ಅದು ಜಾಸ್ತಿ ಗಟ್ಟಿ. ಅಂದರೆ ರಡಾರ್ ಚಿತ್ರ ನೋಡಿ "ತೋಟಕ್ಕೆ ನೀರು ನುಗ್ಗಿಲ್ಲ" ಅಂತಲೂ ಬರೆಯಬಾರದು.

ಸದಾಶಿವಗಡ_ಸಿಗ್ನಲ್, 12:50
ನನ್ನ ಮಾತು ಪೂರ್ತಿ ತಪ್ಪು ಅಂತ ಯಾರೂ ತಿಳ್ಕೋಬೇಡಿ. ಅಂಕೋಲಾ ಕಡೆಯ ಶಿರೂರಿನಂಥ ಗುಡ್ಡದ ಜಾಗಕ್ಕೆ ದಿಕ್ಕು ಬಹಳ ಮುಖ್ಯ. 2024ರ ಜುಲೈ 16ರಂದು ಗುಡ್ಡ ಕುಸಿದಾಗ ನಾನೂ ಚಿತ್ರ ಹುಡುಕಿದವನು.

ಕುಮಟಾ_ನಕಾಶೆ, 12:58
ಘಟ್ಟಕ್ಕೆ ಮುಖ್ಯ, ಒಪ್ಪಿದೆ. ಆಗ "ಕುಸಿತದಲ್ಲಿ ಕಾಣೆಯಾದ ಲಾರಿ ಕಾಣುತ್ತಾ ನೋಡಿ" ಅಂತ ನನಗೆ ಎಷ್ಟು ಫೋನು! ಸೆಂಟಿನೆಲ್-2ರಲ್ಲಿ ಒಂದು ಚುಕ್ಕೆ ಅಂದರೆ ಹತ್ತು ಮೀಟರ್. ಮೋಡ ಸರಿದ ಮೇಲೆ ಗುಡ್ಡದ ಕೆಂಪು ಗಾಯ ಕಾಣುತ್ತದೆ, ಲಾರಿ ಕಾಣೋದಿಲ್ಲ. ನೊಂದವರ ಮನೆಯವರಿಗೆ ಇದನ್ನು ಹೇಳುವಾಗ ಬಾಯಿ ಬರೋದಿಲ್ಲ.

ಕಡಲ_ಬರಹ, ಮಧ್ಯಾಹ್ನ 3:40
ವಿಎಚ್ ಹಾಕಿದೆ, ಸಮುದ್ರ ಕಪ್ಪಾಯ್ತು. ಮೇ ಚಿತ್ರ ಬಿಟ್ಟು, 12 ದಿನ ಹಿಂದಿನ ಅದೇ ಕಕ್ಷೆಯ ಚಿತ್ರ ತಗೊಂಡೆ. ಗದ್ದೆ ಆಗಲೂ ಕಪ್ಪೇ ಇತ್ತು! ಹೊಸದಾಗಿ ಕಪ್ಪಾಗಿದ್ದು ಹೊಳೆ ದಂಡೆಯ ಒಂದು ಸಣ್ಣ ಪಟ್ಟಿ ಮಾತ್ರ. ಸಂಪಾದಕರಿಗೆ ಹೇಳಿದರೆ, "ಇಷ್ಟೇನಾ?" ಅಂದರು.

ಬೇಲೆಕೇರಿ_ಬೋಟು, 3:52
ಶನಿವಾರದ ನೀರು ಬುಧವಾರದವರೆಗೆ ಕಾಯುತ್ತದಾ? ಬೈಕ್ ತಗೊಂಡು ಹೋಗು. ಗೋಡೆ ಮೇಲೆ ಕೆಸರಿನ ಗೆರೆ ಇರುತ್ತದೆ, ಅದನ್ನು ಅಳತೆ ಮಾಡಿ ಬಾ.

ಕುಮಟಾ_ನಕಾಶೆ, 4:05
ಚಿತ್ರ ಹಾಕೋದಾದರೆ ಕೆಳಗೆ ತಾರೀಕು, ಹೊತ್ತು ಎರಡೂ ಬರೀರಿ. "ತಿದ್ದಿದ ಕಾಪರ್ನಿಕಸ್ ಸೆಂಟಿನೆಲ್ ಮಾಹಿತಿ" ಅಂತ ವರ್ಷದ ಜೊತೆ ಹಾಕಬೇಕು. ಪುಕ್ಕಟೆ ಸಿಗುತ್ತದೆ, ಹೆಸರು ಹಾಕೋದಷ್ಟೇ ಶರತ್ತು.

ಕಡಲ_ಬರಹ, ರಾತ್ರಿ 8:31
ಹೋಗಿ ಬಂದೆ. ಒಬ್ಬರ ಜಗಲಿಯಲ್ಲಿ ಗೆರೆ ನನ್ನ ಸೊಂಟದವರೆಗೆ ಇತ್ತು. ನಕಾಶೆಯಲ್ಲಿ ಆ ಮನೆ ತೆಂಗಿನ ಮರಗಳ ಅಡಿ, ಒಂದು ಚೂರೂ ಕಪ್ಪಿಲ್ಲ. ಇವತ್ತಿನ ಪುಟ ತಪ್ಪಿತು, ನಾಳೆ ಹೋಗುತ್ತದೆ. ಗೆರೆಯ ಫೋಟೋ ದೊಡ್ಡದು, ಉಪಗ್ರಹ ಚಿತ್ರ ಮೂಲೆಯಲ್ಲಿ.

ಸದಾಶಿವಗಡ_ಸಿಗ್ನಲ್, 8:40
ಎತ್ತರದ ತಿದ್ದುಪಡಿ ಹಾಕಿದ್ರಾ ಇಲ್ವಾ, ಅದೊಂದು ಹೇಳಿ.

ಸೋಗೆ_ಮನೆ, 8:52
ಮೆಟಿಯೋರ್ ಫೋಟೋ ಹಾಕಿದ್ದೇನೆ, ಮಂಗಳೂರಿಂದ ಗೋವಾದವರೆಗೆ ಒಂದೇ ಮೋಡ. ಕಾರವಾರದಲ್ಲಿ ಆಂಟೆನಾಕ್ಕೆ ಒಳ್ಳೆ ಕೋಆಕ್ಸ್ ಕೇಬಲ್ ಎಲ್ಲಿ ಸಿಗುತ್ತದೆ? ನಮ್ಮದನ್ನು ಇಲಿ ಕಡಿದಿದೆ.