ಊರಲ್ಲಿ ಸನ್ನೆ ಭಾಷೆಯ ಪರಿಚಯ ಮಾಡಿಸಬೇಕು, ಎಲ್ಲಿಂದ ಶುರು ಮಾಡಲಿ?

ಕೇಳಿದವರು: ಸಾಗರ ಕಡೆಯ ಬಿಕಾಂ ವಿದ್ಯಾರ್ಥಿನಿ, 19 ವರ್ಷ

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಮ್ಮನ ಮಗ, ನನಗೆ ಅಣ್ಣ ಆಗಬೇಕು, ಹುಟ್ಟಿನಿಂದ ಕಿವುಡ. ಈಗ 24 ವರ್ಷ. ಗ್ರಿಲ್, ಗೇಟು ಮಾಡುವ ವೆಲ್ಡಿಂಗ್ ಶಾಪಿನಲ್ಲಿ ಕೆಲಸ. ಮನೆಯಲ್ಲಿ ನಮ್ಮದೇ ಏನೋ ಕೈಸನ್ನೆ ಮಾಡಿಕೊಂಡು ನಡೆಸುತ್ತಿದ್ದೆವು. ಹೋದ ವರ್ಷ ಒಂದು ರಾತ್ರಿ ಅವನು ಶಾಲೆಯ ಹಳೇ ಗೆಳೆಯರ ಜೊತೆ ವಿಡಿಯೋ ಕಾಲ್‌ನಲ್ಲಿ ಇದ್ದ. ಅಬ್ಬಾ, ಎಷ್ಟು ಹರಟೆ, ಎಷ್ಟು ನಗು! ನಮ್ಮ ಹತ್ತಿರ ಊಟ, ನೀರು, ದುಡ್ಡು ಬಿಟ್ಟು ಬೇರೆ ಮಾತೇ ಇರುತ್ತಿರಲಿಲ್ಲ. ಅವನು ಮಾತು ಕಡಿಮೆಯವನು ಅಂತಲೇ ನಾನು ತಿಳಿದಿದ್ದೆ.

ಆಮೇಲೆ ಕೂತು ಭಾರತೀಯ ಸನ್ನೆ ಭಾಷೆ ಕಲಿಯತೊಡಗಿದೆ. ಅರ್ಧ ಸರ್ಕಾರದ ‘ಸೈನ್ ಲರ್ನ್’ ಆ್ಯಪ್‌ನಿಂದ, ಅರ್ಧ ಅವನಿಂದ. ಸೆಪ್ಟೆಂಬರ್ 23 ಅಂತರರಾಷ್ಟ್ರೀಯ ಸನ್ನೆ ಭಾಷೆಗಳ ದಿನ. ಅವತ್ತು ನಮ್ಮ ಕಾಲೇಜಿನಿಂದ ಒಂದು ಜಾಥಾ, ಪೋಸ್ಟರ್, ಒಂದೇ ದಿನದಲ್ಲಿ 100 ಸನ್ನೆ ಕಲಿಸುವ ಕಾರ್ಯಕ್ರಮ ಮಾಡೋಣ ಅಂತ ಯೋಚನೆ. ಇಂಥದ್ದು ಮಾಡಿದವರು ಯಾರಾದರೂ ಇದ್ದೀರಾ? ಯಾವುದು ಕೆಲಸಕ್ಕೆ ಬಂತು, ಯಾವುದು ದಂಡ ಆಯ್ತು, ಹೇಳಿ.

ಹುಬ್ಬಳ್ಳಿಯ ಎಂಜಿನಿಯರಿಂಗ್ ಪದವೀಧರ:

ತಂಗಿ, ದಂಡ ಆದದ್ದನ್ನೇ ಮೊದಲು ಹೇಳುತ್ತೇನೆ. ಮೂರು ವರ್ಷದ ಹಿಂದೆ ನಾವೂ ಇದನ್ನೇ ಮಾಡಿದೆವು. ಜಾಥಾ, ಬ್ಯಾನರ್, ಟೀ ಶರ್ಟ್ ಎಲ್ಲ ಆಯಿತು. 200 ಹುಡುಗರು ಸೇರಿ ರಾಷ್ಟ್ರಗೀತೆಯನ್ನು ಸನ್ನೆಯಲ್ಲಿ ಮಾಡಿದೆವು. ಎರಡು ವಾರ ಅಭ್ಯಾಸ ಅದಕ್ಕೆ! ಫೋಟೊ ಪೇಪರಿನಲ್ಲಿ ಬಂತು. ಕಾರ್ಯಕ್ರಮ ಮುಗಿದ ಮೇಲೆ ಅತಿಥಿಯಾಗಿ ಬಂದಿದ್ದ ಕಿವುಡ ಹುಡುಗನೊಬ್ಬ ಬಾತ್‌ರೂಮ್ ಎಲ್ಲಿ ಅಂತ ಸನ್ನೆಯಲ್ಲಿ ಕೇಳಿದ. 200 ಜನರಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಕೊನೆಗೆ ಅವನು ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸಿದ. ನನಗೆ ಇವತ್ತಿಗೂ ನಾಚಿಕೆ ಆಗುತ್ತದೆ.

ನಮ್ಮೂರಲ್ಲೇ ಇನ್ನೊಂದು ಉದಾಹರಣೆ ಇದೆ. ಅಂಗವಿಕಲರೇ ನಡೆಸುವ ಮಿಟ್ಟಿ ಕೆಫೆ ಶುರುವಾದದ್ದು 2017ರಲ್ಲಿ, ಹುಬ್ಬಳ್ಳಿಯ ಬಿವಿಬಿ ಕಾಲೇಜಿನ ಆವರಣದಲ್ಲಿ. ಈಗ ಸುಪ್ರೀಂ ಕೋರ್ಟಿನಲ್ಲೂ ಒಂದು ಇದೆ. ಇಂಥ ಜಾಗದಲ್ಲಿ ಯಾರೂ ಭಾಷಣ ಮಾಡುವುದಿಲ್ಲ. ಚಹಾ ಬೇಕಾದವನು ಕೈ ಆಡಿಸಲೇಬೇಕು. ನಾನು ಕಲಿತ ಮೊದಲ ಸನ್ನೆಗಳು ಹಾಗೆ ಕೌಂಟರಿನ ಮುಂದೆ ನಿಂತು ಕಲಿತವೇ. ಜಾಥಾಕ್ಕೆ ಅಂತ ಕಲಿತದ್ದು ಒಂದೂ ನೆನಪಿಲ್ಲ.

ಮೈಸೂರಿನ ನಿವೃತ್ತ ಶಿಕ್ಷಕಿ:

ಮಗಳೇ, ನಾನು ಕಿವುಡ ಮಕ್ಕಳ ಶಾಲೆಯಲ್ಲಿ 30 ವರ್ಷ ಪಾಠ ಮಾಡಿದವಳು. ಒಂದು ತಪ್ಪು ಒಪ್ಪಿಕೊಳ್ಳಬೇಕು. ಮೊದಲ ಹದಿನೈದು ವರ್ಷ ನಾನು ತರಗತಿಯಲ್ಲಿ ಸನ್ನೆ ಮಾಡಲು ಬಿಡುತ್ತಲೇ ಇರಲಿಲ್ಲ. ಸನ್ನೆ ಮಾಡಿದರೆ ಮಾತು ಕಲಿಯುವುದಿಲ್ಲ ಎಂದು ನಮಗೆ ಹೇಳಿಕೊಟ್ಟಿದ್ದರು. ‘ಕೈ ಕಟ್ಟು, ನನ್ನ ತುಟಿ ನೋಡು’ ಎನ್ನುವುದೇ ಪಾಠ. ‘ಪ’, ‘ಬ’, ‘ಮ’ ಮೂರಕ್ಕೂ ತುಟಿ ಒಂದೇ ಥರ ಕಾಣುತ್ತದೆ. ಕನ್ನಡಿ ಮುಂದೆ ನಿಂತು ಪಾಟಿ, ಬಾಟಿ, ಮಾಟಿ ಅಂದು ನೋಡು, ತಿಳಿಯುತ್ತದೆ. ಪಾಪ, ಆ ಮಕ್ಕಳು ಊಹೆ ಮಾಡಿ ಮಾಡಿ ಸುಸ್ತಾಗುತ್ತಿದ್ದವು.

ಒಂದು ರಾತ್ರಿ ಹಾಸ್ಟೆಲಿಗೆ ಹೋದೆ. ದೀಪ ಆರಿಸಿ ಆಗಿತ್ತು. ಮೂಲೆಯಲ್ಲಿ ಬೆಳಕು ಕಂಡಿತು. ನಾಲ್ಕು ಹುಡುಗಿಯರು ಟಾರ್ಚ್ ಹಿಡಿದು, ಒಬ್ಬಳ ಕೈ ಮೇಲೆ ಬೆಳಕು ಬಿಟ್ಟುಕೊಂಡು ಕಥೆ ಕೇಳುತ್ತಿದ್ದವು. ‘ನೋಡುತ್ತಿದ್ದವು’ ಅನ್ನಬೇಕೇನೋ. ಬೆಳಗ್ಗೆ ನನ್ನ ತರಗತಿಯಲ್ಲಿ ಬಾಯಿ ಬಿಡದ ಹುಡುಗಿಯೇ ಕಥೆ ಹೇಳುತ್ತಿದ್ದಳು. ನಾನು ಬೈಯದೆ ವಾಪಸು ಬಂದೆ. ಮರುದಿನದಿಂದ ಅವಳ ಹತ್ತಿರ ನಾನೇ ಕಲಿತೆ.

ಈ ನಿಷೇಧ ಎಲ್ಲಿಂದ ಬಂತು ಅಂತ ಆಮೇಲೆ ಓದಿಕೊಂಡೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಣದ ಬಗ್ಗೆ ಸಭೆ ಸೇರಿ, ಶಾಲೆಗಳಲ್ಲಿ ಸನ್ನೆ ಬೇಡ, ಬಾಯಿಮಾತೇ ಇರಲಿ ಎಂದು ನಿರ್ಣಯ ಮಾಡಿದರಂತೆ. ಅದು ತಪ್ಪಾಯಿತು ಎಂದು ಅದೇ ಸಭೆಯ ಮುಂದಿನವರು ವಿಷಾದ ಹೇಳಿದ್ದು 2010ರಲ್ಲಿ. 130 ವರ್ಷ! ನಮ್ಮಲ್ಲೂ ಭಾರತೀಯ ಸನ್ನೆ ಭಾಷೆಗೆ ಅಂತಲೇ ದೆಹಲಿಯಲ್ಲಿ ಸರ್ಕಾರಿ ಕೇಂದ್ರ ಆದದ್ದು 2015ರಲ್ಲಿ. ಅವರ ನಿಘಂಟು 2018ರಲ್ಲಿ 3,000 ಪದಗಳಿಂದ ಶುರುವಾಗಿ 2021ಕ್ಕೆ 10,000 ಮುಟ್ಟಿತು. ನಿನ್ನ ಆ್ಯಪ್‌ನಲ್ಲಿ ಇರುವುದೂ ಅದೇ.

ಹಾಗಾಗಿ ನನ್ನ ಮಾತು ಒಂದೇ. ಕಲಿಸುವ ಜಾಗದಲ್ಲಿ ನೀನು ನಿಲ್ಲಬೇಡ, ಅಣ್ಣನನ್ನು ನಿಲ್ಲಿಸು. ನೀನು ಪಕ್ಕದಲ್ಲಿ ಇರು.

ಬೆಂಗಳೂರಿನ ಕಿವುಡ ಗ್ರಾಫಿಕ್ ಡಿಸೈನರ್:

ಮೇಡಂ ಹೇಳಿದ್ದು ಸರಿ. ನಾನು ಕಿವುಡ. ನನ್ನ ಮೊದಲ ಭಾಷೆ ಸನ್ನೆ, ಕನ್ನಡ ಎರಡನೆಯದು. ತಪ್ಪಿದ್ದರೆ ಹೊಂದಿಸಿಕೊಳ್ಳಿ.

ಪೋಸ್ಟರಿನಲ್ಲಿ ‘ಮೂಗ’, ‘ಕಿವುಡ-ಮೂಕ’ ಅಂತ ಬರೆಯಬೇಡಿ. ನಾವು ಮೂಕರಲ್ಲ, ಮಾತಾಡುತ್ತೇವೆ, ಕೈಯಲ್ಲಿ. ‘ಕಿವುಡ’ ಅಂದರೆ ನನಗೇನೂ ಬೇಜಾರಿಲ್ಲ. ಕೆಲವರಿಗೆ ಬೇಜಾರಾಗಬಹುದು, ನಿಮ್ಮ ಅಣ್ಣನನ್ನೇ ಕೇಳಿ. ‘ದೇವರ ಮಕ್ಕಳು’ ಅಂತೂ ಬೇಡವೇ ಬೇಡ. ಬೇಜಾರು ಆಗುವುದು ‘ಜಾಣ ಕಿವುಡು’ ಅನ್ನುವ ಮಾತಿಗೆ. ಕೇಳಿಸಿಯೂ ಕೇಳದವರ ಹಾಗೆ ನಟಿಸುವವರು ನೀವು, ಹೆಸರು ನಮ್ಮದು!

ಇನ್ನೊಂದು. ರೀಲ್ಸ್ ನೋಡಿ ಎಬಿಸಿಡಿ ಕಲಿತು ಬರುತ್ತಾರೆ. ಒಂದೇ ಕೈಯಲ್ಲಿ ಮಾಡಿದರೆ ಅದು ಅಮೆರಿಕದ್ದು. ನಮ್ಮ ಇಂಗ್ಲಿಷ್ ಅಕ್ಷರಗಳಿಗೆ ಎರಡು ಕೈ ಬೇಕು. ಸನ್ನೆ ಭಾಷೆ ಇಡೀ ಜಗತ್ತಿಗೆ ಒಂದೇ ಅಲ್ಲ. ನಮ್ಮ ದೇಶದಲ್ಲೂ ಕೆಲವು ಸನ್ನೆ ಊರಿಂದ ಊರಿಗೆ ಬದಲಾಗುತ್ತವೆ, ಕನ್ನಡದ ಹಾಗೇ. ಧಾರವಾಡದವರು ಮಂಗಳೂರಿಗೆ ಹೋದರೆ ಸ್ವಲ್ಪ ತಡವರಿಸುತ್ತಾರೆ, ಆಮೇಲೆ ಹೊಂದಿಕೊಳ್ಳುತ್ತಾರೆ ಅಲ್ವಾ?

ಕನ್ನಡದವರಿಗೆ ಒಂದು ಖುಷಿ ವಿಷಯ ಇದೆ. ನಮ್ಮ ಸನ್ನೆಯ ವಾಕ್ಯ ಇಂಗ್ಲಿಷ್‌ಗಿಂತ ಕನ್ನಡಕ್ಕೆ ಹತ್ತಿರ. ಪ್ರಶ್ನೆ ಕೊನೆಗೆ ಬರುತ್ತದೆ: ನಿನ್ನ, ಹೆಸರು, ಏನು? ‘ಇಲ್ಲ’, ‘ಬೇಡ’ ಕೂಡ ಕೊನೆಗೆ: ನಾನು, ಕಾಫಿ, ಬೇಡ. ಆದರೆ ಮುಖ ಗಂಟು ಹಾಕಿಕೊಂಡು ಬರೀ ಕೈ ಆಡಿಸಿದರೆ ಸಾಲದು. ಹೌದಾ ಅಲ್ವಾ ಅಂತ ಕೇಳುವಾಗ ಹುಬ್ಬು ಮೇಲೆ ಹೋಗಬೇಕು. ನೀವು ದನಿ ಏರಿಸುವ ಕಡೆ ನಾವು ಹುಬ್ಬು ಏರಿಸುತ್ತೇವೆ. ಕಲಿಯುವವರು ಇಲ್ಲೇ ನಾಚಿಕೊಳ್ಳುತ್ತಾರೆ.

ಮತ್ತೆ ಕಾಲೇಜಿನವರಿಗೆ ಸಾರಾ ಸನ್ನಿ ಅವರ ಬಗ್ಗೆ ಹೇಳಿ. ಬೆಂಗಳೂರಿನ ಕಿವುಡ ವಕೀಲೆ. 2023ರಲ್ಲಿ ಸುಪ್ರೀಂ ಕೋರ್ಟಿನಲ್ಲಿ, 2024ರಲ್ಲಿ ನಮ್ಮ ಹೈಕೋರ್ಟಿನಲ್ಲಿ ಸನ್ನೆ ಭಾಷೆಯ ಇಂಟರ್‌ಪ್ರಿಟರ್ ಜೊತೆ ಹಾಜರಾದರು. ‘ಅಯ್ಯೋ ಪಾಪ’ ಎನ್ನುವ ಹತ್ತು ಪೋಸ್ಟರಿಗಿಂತ ಇದು ಮೇಲು.

ಹಾಸನದ ಸ್ಟಾಫ್ ನರ್ಸ್:

ನಾನು ಕೆಲಸ ಮಾಡುತ್ತಿದ್ದ ಒಂದು ಆಸ್ಪತ್ರೆಯಲ್ಲಿ ನಡೆದದ್ದು. ಕಿವುಡ ಹೆಂಗಸೊಬ್ಬರು ಬೆಳಗ್ಗೆ 9ಕ್ಕೆ ಚೀಟಿ ಮಾಡಿಸಿ ಬೆಂಚಿನ ಮೇಲೆ ಕೂತಿದ್ದರು. ಮಧ್ಯಾಹ್ನ 1 ಗಂಟೆಗೂ ಅಲ್ಲೇ ಇದ್ದರು. ಅವರ ಹೆಸರನ್ನು ಮೂರು ಸಲ ಕೂಗಿ, ಬಂದಿಲ್ಲ ಎಂದು ಚೀಟಿ ಪಕ್ಕಕ್ಕೆ ಇಟ್ಟಿದ್ದರು. ಕೂಗಿದವಳು ನಾನೇ.

ಆಮೇಲೆ ನಾವು ಮಾಡಿದ್ದು ದೊಡ್ಡದೇನಲ್ಲ. ಚೀಟಿಯ ಮೂಲೆಯಲ್ಲಿ ಕಿವಿಯ ಚಿತ್ರ ಬರೆದೆವು. ಆ ಚೀಟಿ ಬಂದರೆ ಕೂಗುವ ಬದಲು ಎದ್ದು ಹೋಗಿ ಭುಜ ಮುಟ್ಟಿ ಕರೆಯುವುದು. ಮಾತಾಡುವಾಗ ಮಾಸ್ಕ್ ಕೆಳಗೆ ಮಾಡುವುದು. ಜೊತೆಗೆ ಬಂದವರ ಮುಖ ನೋಡಿ ‘ಇವರಿಗೆ ಏನಾಗಿದೆ’ ಅಂತ ಕೇಳದೆ ಅವರನ್ನೇ ನೋಡುವುದು. ಸನ್ನೆ ಕಲಿತದ್ದು ಒಂಬತ್ತೋ ಹತ್ತೋ: ನೋವು, ಎಲ್ಲಿ, ಎಷ್ಟು ದಿನ, ಜ್ವರ, ವಾಂತಿ, ಮಾತ್ರೆ, ಊಟಕ್ಕೆ ಮುಂಚೆ, ಊಟದ ಮೇಲೆ, ಮತ್ತೆ ಬನ್ನಿ. ದಿನಾ ಬಳಸಿದ್ದರಿಂದ ಮರೆಯಲಿಲ್ಲ. 100 ಕಲಿಸಿದ್ದರೆ ಒಂದೂ ಉಳಿಯುತ್ತಿರಲಿಲ್ಲ.

ಆದರೆ ಒಂದು ಎಚ್ಚರಿಕೆ ಇರಲಿ. ಆಪರೇಷನ್ನು, ಒಪ್ಪಿಗೆ ಸಹಿ, ಅಂಥದ್ದಕ್ಕೆ ಈ ಹತ್ತು ಸನ್ನೆ ನಂಬಬೇಡಿ. ಅಲ್ಲಿಗೆ ತರಬೇತಿ ಪಡೆದ ಇಂಟರ್‌ಪ್ರಿಟರ್ ಬೇಕು. ಅದಕ್ಕೆ ಅಂತಲೇ ಎರಡು ವರ್ಷದ ಡಿಪ್ಲೊಮಾ ಇದೆ. ತಂಗಿ, ನಿನಗೂ ಆಸಕ್ತಿ ಇದ್ದರೆ ಬಿಕಾಂ ಆದ ಮೇಲೆ ಯೋಚಿಸು.

ದಾವಣಗೆರೆಯ ತಾಯಿ:

ಎಲ್ಲರೂ ಹೇಳುವುದು ಸರಿ, ಆದರೆ ನನ್ನದೂ ಕೇಳಿ. ನನ್ನ ಮಗಳಿಗೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಶಬ್ದ ತಿಳಿಯಲು ಕಿವಿಯೊಳಗೆ ಸಾಧನ ಕೂರಿಸುವ ಆಪರೇಷನ್ ಆಗಿದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಬಸ್ಸಿನಲ್ಲಿ ಓಡಾಡಿ ಓಡಾಡಿ ಮಾತು ಕಲಿಸಿದ್ದೇವೆ. ಒಂದು ಕಾರ್ಯಕ್ರಮದಲ್ಲಿ ಕಾಲೇಜು ಹುಡುಗನೊಬ್ಬ ನನ್ನ ಮಗಳ ಕಿವಿಯ ಮಿಷನ್ ನೋಡಿ, ಇದೆಲ್ಲ ಯಾಕೆ ಆಂಟಿ, ಸನ್ನೆ ಕಲಿಸಿದ್ದರೆ ಸಾಕಿತ್ತು ಅಂದ. ನಾನು ಅಲ್ಲೇ ಅತ್ತುಬಿಟ್ಟೆ. ದಯವಿಟ್ಟು ಅಪ್ಪ ಅಮ್ಮಂದಿರಿಗೆ ಪಾಠ ಹೇಳಲು ಹೋಗಬೇಡ.

ಮೈಸೂರಿನ ನಿವೃತ್ತ ಶಿಕ್ಷಕಿ:

ನೀವು ನೊಂದುಕೊಂಡದ್ದು ಸಹಜ ತಾಯಿ. ಆ ಹುಡುಗನಿಗೆ ಹಾಗೆ ಹೇಳುವ ಹಕ್ಕು ಇರಲಿಲ್ಲ. ಆದರೆ ಮಲಗುವಾಗ, ಸ್ನಾನಕ್ಕೆ ಹೋಗುವಾಗ ಮಿಷನ್ ತೆಗೆದಿಡುತ್ತೀರಿ. ಆಗ ಮಗಳ ಜೊತೆ ಮಾತಾಡಲು ನಾಲ್ಕು ಸನ್ನೆ ಇದ್ದರೆ ನಷ್ಟ ಏನಿಲ್ಲ. ನಾನು ಎರಡೂ ಇಟ್ಟುಕೊಂಡ ಮಕ್ಕಳನ್ನು ನೋಡಿದ್ದೇನೆ, ಚೆನ್ನಾಗಿಯೇ ಇದ್ದಾರೆ.

ದಾವಣಗೆರೆಯ ತಾಯಿ:

ಸ್ನಾನದ ಹೊತ್ತಿಗೆ ನಾವು ಹೇಗೂ ಕೈಸನ್ನೆಯೇ ಮೇಡಂ. ಅದನ್ನು ಸನ್ನೆ ಭಾಷೆ ಅಂತ ಅಂದುಕೊಂಡಿರಲಿಲ್ಲ ಅಷ್ಟೇ.

ಚಿತ್ರದುರ್ಗ ಜಿಲ್ಲೆಯ ಪಂಚಾಯ್ತಿಯೊಂದರ ವಿಆರ್‌ಡಬ್ಲ್ಯೂ:

ಸುಮ್ನೆ ಎರಡು ಮಾತು. ಪ್ರತಿ ಪಂಚಾಯ್ತಿಗೂ ನಮ್ಮಂಥ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ನಿಮ್ಮಲ್ಲಿ ಯಾರು ಅಂತ ಪಿಡಿಒ ಅವರನ್ನು ಕೇಳಿ. ಕಿವುಡರ ಪಟ್ಟಿ ಕೊಡಿ ಎಂದು ಮಾತ್ರ ಕೇಳಬೇಡಿ, ಕೊಡುವ ಹಾಗಿಲ್ಲ. ಇಂಥ ಹುಡುಗಿ ಇದ್ದಾಳೆ, ಬರುತ್ತೀರಾ ಅಂತ ನಾವೇ ಅವರನ್ನು ಕೇಳಿ ಹೇಳಬಹುದು. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಆಗದವರು ಸಿಕ್ಕರೆ ನಮಗೆ ತಿಳಿಸಿ. ಜಾಗಕ್ಕೆ ಪಂಚಾಯ್ತಿಯ ಅರಿವು ಕೇಂದ್ರ, ಅದೇ ಲೈಬ್ರರಿ, ಸಾಕು, ಬಾಡಿಗೆ ಇಲ್ಲ. ಬೆಳಕು ಚೆನ್ನಾಗಿರುವ ಕಡೆ ಕೂರಿ. ಕಿಟಕಿಗೆ ಬೆನ್ನು ಮಾಡಿ ನಿಂತರೆ ಕೈ, ಮುಖ ಎರಡೂ ಕಪ್ಪಾಗಿ ಕಾಣುತ್ತದೆ. ನಮ್ಮ ಮೊದಲ ತರಗತಿ ಹಾಗೇ ಹಾಳಾಯಿತು.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಜಾಥಾ ಕೈಬಿಟ್ಟೆ. ಬ್ಯಾನರಿಗೆ ಅಡ್ವಾನ್ಸ್ ಕೊಟ್ಟಿರಲಿಲ್ಲ, ಪುಣ್ಯ.

ನಿನ್ನೆ ಅಣ್ಣನ ಹತ್ತಿರ ಕೂತು, ಎಲ್ಲೆಲ್ಲಿ ಕಷ್ಟ ಆಗುತ್ತದೆ ಅಂತ ಕೇಳಿದೆ. ನಾನು ಆಸ್ಪತ್ರೆ, ಬ್ಯಾಂಕು ಅನ್ನುತ್ತಾನೆ ಅಂದುಕೊಂಡಿದ್ದೆ. ಅವನು ಶಾಪಿನಿಂದಲೇ ಶುರು ಮಾಡಿದ. ಅಲ್ಲಿ ಅವನನ್ನು ಕರೆಯಬೇಕಾದರೆ ಕಬ್ಬಿಣದ ಚೂರು ಎಸೆಯುತ್ತಾರಂತೆ. ಎರಡು ವರ್ಷದಿಂದ! ನಮಗೆ ಹೇಳಿಯೇ ಇರಲಿಲ್ಲ. ನಾವೂ ಕೇಳಿರಲಿಲ್ಲ. ಲೈಟ್ ಸ್ವಿಚ್ ಎರಡು ಸಲ ಆರಿಸಿ ಹಾಕಿದರೆ ಸಾಕು, ತಿರುಗಿ ನೋಡುತ್ತೇನೆ ಅಂದ.

ಶಾಪಿನವರಿಗೆ ಕಲಿಸಲು ಎಂಟು ಸನ್ನೆ ಅವನೇ ಆರಿಸಿದ. ಅಳತೆ, ಉದ್ದ, ಕಡಿಮೆ, ಬಿಸಿ, ಕರೆಂಟ್, ನಿಲ್ಲಿಸು, ಊಟ. ಎಂಟನೆಯದು ಒಂದು ಪೂರ್ತಿ ವಾಕ್ಯ: ಸಂಬಳ, ಯಾವಾಗ? ಪ್ರಶ್ನೆ ಕೊನೆಗೇ ಇತ್ತು ಸರ್, ನೀವು ಹೇಳಿದ ಹಾಗೆ. ಇವತ್ತು ಬೆಳಗ್ಗೆ ಹೋಗಿದ್ದೆವು. ಅಣ್ಣ ಕಲಿಸಿದ, ನಾನು ಪಕ್ಕದಲ್ಲಿ ನಿಂತಿದ್ದೆ. ಜೊತೆಗೆಲಸದ ಹುಡುಗರು ಅರ್ಧ ಗಂಟೆಯಲ್ಲಿ ಎಂಟನ್ನೂ ಕಲಿತರು. ಓನರ್ ಏಳು ಕಲಿತಿದ್ದಾರೆ.