ಅಪ್‌ಡೇಟ್: ಅಜ್ಜನ ತೂಗುಕುರ್ಚಿ ಬೀಟೆಯದಲ್ಲ, ವಿಯೆನ್ನಾದ್ದು

ಚಿಕ್ಕಮಗಳೂರಿನ ಅಜ್ಜನ ಮನೆಯಿಂದ ನನ್ನ ಪಾಲಿಗೆ ಬಂದ ತೂಗುಕುರ್ಚಿ ಯಾವ ಶೈಲಿಯದು, ಎಷ್ಟು ಹಳೆಯದು ಎಂದು ಕೇಳಿದ್ದೆ. ಆಸನದ ಚೌಕಟ್ಟಿನ ಒಳಬದಿ ನೋಡಿ ಎಂದವರಿಗೆ ಮನಸಾರೆ ಕೃತಜ್ಞತೆ.

ಕುರ್ಚಿಯನ್ನು ಮಗುಚಿ, ಒದ್ದೆ ಬಟ್ಟೆಯಿಂದ ಮೆಲ್ಲನೆ ಒರೆಸಿದೆ. ಮಾಸಿದ ಕಾಗದದ ಚೀಟಿಯೊಂದು ಸಿಕ್ಕಿತು: ಜೇಕಬ್ ಅಂಡ್ ಜೋಸೆಫ್ ಕೋನ್, ವಿಯೆನ್ನಾ. ಮರ ಬಗ್ಗಿಸಿ ಪೀಠೋಪಕರಣ ಮಾಡುತ್ತಿದ್ದ ಹಳೆಯ ಸಂಸ್ಥೆ ಅದು. ನನಗೆ ಕೈ ನಡುಗಿತು. ನಮ್ಮ ಮನೆಯವರೆಲ್ಲ ಇದನ್ನು ಬೀಟೆ ಎಂದೇ ನಂಬಿದ್ದರು. ಬಣ್ಣ ಸವೆದ ಕಡೆ ಕಾಣುವ ಮರ ಮಾತ್ರ ತಿಳಿ ಕಂದು, ಯುರೋಪಿನಲ್ಲಿ ಬೆಳೆಯುವ ಬೀಚ್ ಮರ. ಅದನ್ನು ಹಬೆಯಲ್ಲಿ ಮೆತ್ತಗಾಗಿಸಿ, ಕಬ್ಬಿಣದ ಅಚ್ಚಿಗೆ ಬಗ್ಗಿಸಿ ಒಣಗಿಸುತ್ತಿದ್ದರು. ಕೈಹಿಡಿಯಿಂದ ಕೆಳಗಿನ ಬಾಗಿನವರೆಗೆ ಹರಿಯುವ ಆ ಸುರುಳಿಗಳನ್ನು ಕೆತ್ತಿಲ್ಲ, ಬಗ್ಗಿಸಿದ್ದಾರೆ. ಈ ವಿಧಾನವನ್ನು ಬೆಳೆಸಿದವರು ಪೀಠೋಪಕರಣ ತಯಾರಕ ಮೈಕೆಲ್ ಥೋನೆಟ್. ಅವರ ಸಂಸ್ಥೆಯ ಮೊದಲ ತೂಗುಕುರ್ಚಿ 1860ರದ್ದು.

ಕಾಲ ನಿರ್ಧರಿಸಲು ಚೀಟಿಯೇ ದಾರಿ ತೋರಿತು. ಥೋನೆಟ್ ಅವರ ಪೇಟೆಂಟ್ ಅವಧಿ 1869ರಲ್ಲಿ ಮುಗಿದ ಬಳಿಕವೇ ಕೋನ್ ಸಂಸ್ಥೆ ಈ ಕೆಲಸಕ್ಕೆ ಇಳಿದದ್ದು. 1914ರಲ್ಲಿ ಅದು ಮುಂಡುಸ್ ಎಂಬ ಇನ್ನೊಂದು ಪೀಠೋಪಕರಣ ಸಂಸ್ಥೆಯೊಂದಿಗೆ ಸೇರಿತು. ಚೀಟಿಯಲ್ಲಿ ಮುಂಡುಸ್ ಹೆಸರಿಲ್ಲ. ಹಾಗಾಗಿ 1869 ಮತ್ತು 1914ರ ನಡುವಿನ ಕುರ್ಚಿ ಎಂದೇ ನನ್ನ ತೀರ್ಮಾನ. ತೋಟ ಬಿಟ್ಟು ಹೊರಟ ಇಂಗ್ಲಿಷ್ ಪ್ಲಾಂಟರ್ ಒಬ್ಬರಿಂದ ಅಜ್ಜ ಕೊಂಡರೆಂಬ ಅಮ್ಮನ ಮಾತಿಗೂ ಇದು ಹೊಂದುತ್ತದೆ.

ಹೊಸ ಪಾಲಿಶ್ ಹಾಕಿಸುವುದಿಲ್ಲ. ಹರಿದ ಬೆತ್ತದ ಹೆಣಿಗೆಯನ್ನಷ್ಟೇ ಮತ್ತೆ ಹೆಣೆಸುತ್ತೇನೆ. ಚೀಟಿಗೆ ಪೆಟ್ಟಾಗದಂತೆ ನೋಡಿಕೊಳ್ಳಬೇಕೆಂದು ಹೆಣೆಯುವವರಿಗೆ ಈಗಾಗಲೇ ಹೇಳಿದ್ದೇನೆ.